ಹಕ್ಕಿಗೊಂದು ಕಾಪಿ

ಸ್ಟುಡಿಯೋದವರ ಉತ್ತರಕ್ರಿಯೆಯ ದಿನ ಹಾರ ಹಾಕಿ ಇಟ್ಟಿದ್ದ ಫೋಟೊದಲ್ಲಿ ಅವರ ಮುಖವೇ ಇರಲಿಲ್ಲ. ಅದರಲ್ಲಿ ಒಂದು ಹಿಮದ ಬೆಟ್ಟವಿತ್ತು, ಬೆಟ್ಟದ ಬುಡದಲ್ಲಿ ನೀಲಿ ಸರೋವರ, ಸರೋವರದಲ್ಲಿ ಎರಡು ಹಂಸ, ಬೆಟ್ಟದ ತುದಿಯಲ್ಲಿ ಒಂದು ಮಿಂಚುಳ್ಳಿ ಹಕ್ಕಿ. ಎಲ್ಲದರ ಕೆಳಗೆ ಹವಾಯಿ ಚಪ್ಪಲಿ ಹಾಕಿದ ಎರಡು ಕಾಲು. ಬಂದ ನೆಂಟರೆಲ್ಲ ಅದಕ್ಕೇ ಹೂ ಹಾಕಿ ಕೈ ಮುಗಿದರು. ದೂರದಿಂದ ಬಂದಿದ್ದ ಒಬ್ಬರು ಮಾತ್ರ ನನ್ನ ಕಡೆ ಬಾಗಿ, "ಇವರು ತೀರಿಹೋದದ್ದು ಕಾಶ್ಮೀರದಲ್ಲಾ?" ಎಂದು ಪಿಸುದನಿಯಲ್ಲಿ ಕೇಳಿದರು. ಅಲ್ಲ, ಪಾಣೆಮಂಗಳೂರಿನಲ್ಲೇ, ಅವರ ಮನೆಯಲ್ಲೇ ಎಂದೆ. ಅವರು ಫೋಟೊವನ್ನು ಇನ್ನೊಮ್ಮೆ ನೋಡಿ ಇನ್ನೊಂದು ಹೂ ಹಾಕಿದರು.

ಜೀವನವಿಡೀ ಊರಿನವರ ಫೋಟೊ ತೆಗೆದ ಮನುಷ್ಯನದ್ದೇ ಒಂದು ಫೋಟೊ ಇರಲಿಲ್ಲ. ಇದ್ದದ್ದು ಆಧಾರ್ ಕಾರ್ಡಿನದು. ಅದನ್ನೇ ದೊಡ್ಡದು ಮಾಡಿಸುವ ಎಂದು ನೆಂಟರು ಹೊರಟಾಗ ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು, ಒಪ್ಪಲಿಲ್ಲ. "ಅದು ತನ್ನದಲ್ಲ ಅಂತ ಅವರೇ ಹೇಳ್ತಿದ್ರು. ಇದನ್ನು ಇಡಿ. ಇದರಲ್ಲಿ ಕಾಲಾದ್ರೂ ಅವರದ್ದೇ" ಎಂದರು. ಹಾಗಾಗಿ ಕಾಲಿಗೆ ಹಾರ ಬಿತ್ತು.

ಆ ಫೋಟೊ ತೆಗೆದವಳು ನಾನು. ಅದರ ಕಥೆ ಆಮೇಲೆ ಹೇಳುತ್ತೇನೆ.

ಪಾಣೆಮಂಗಳೂರಿನ ಪೇಟೆಯಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ನಡುವೆ ಒಂದೇ ಗೋಡೆ, ಆ ಕಡೆ ಅವರ ಸ್ಟುಡಿಯೋ. ಊರು ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಎಲ್ಲರಿಗೂ ಅವರು ಸ್ಟುಡಿಯೋದವರು. ನನಗೆ ಅಣ್ಣ. ಅವರಿಗೆ ನಾನು ಅಕ್ಕ, ವಯಸ್ಸಿನಲ್ಲಿ ಮಗಳಷ್ಟು ಚಿಕ್ಕವಳಾದರೂ. ಅವರು ಜಗತ್ತಿನ ಹೆಂಗಸರಿಗೆಲ್ಲ ಅಕ್ಕ ಎನ್ನುತ್ತಿದ್ದರು, ಮೂರು ವರ್ಷದ ಮಕ್ಕಳಿಗೂ. "ಅಕ್ಕ, ಸ್ವಲ್ಪ ನಗಾಡಿ" ಎಂದರೆ ಆ ಮಕ್ಕಳು ಗಾಬರಿಯಾಗಿ ಅಳುತ್ತಿದ್ದವು.

ಫೋಟೊ ತೆಗೆಸಿಕೊಳ್ಳುವ ಯಾರೇ ಆಗಲಿ, ಅವರ ಬಾಯಲ್ಲಿ 'ಪಾರ್ಟಿ'. ಪಾರ್ಟಿ ಎಂದ ಮೇಲೆ ಎರಡು ಕಟ್ಟಳೆ. ಮುಖ ನೇರ ಇರಬೇಕು, ಎರಡೂ ಕಿವಿ ಕಾಣಬೇಕು. ತೆಗೆದ ಫೋಟೊದ ಒಂದು ಕಾಪಿ ಪಾರ್ಟಿಗೆ ಮುಟ್ಟಲೇಬೇಕು. ಮುಟ್ಟದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಮರೆತು ಬಿಟ್ಟುಹೋದ ಪಾಸ್‌ಪೋರ್ಟ್ ಸೈಜಿನ ಫೋಟೊ ಹಿಡಿದು ಬಸ್ಸು ಹತ್ತಿ ಮನೆ ಹುಡುಕಿಕೊಂಡು ಹೋಗುವ ಜಾತಿ ಅವರದ್ದು. ಮದುವೆಯ ಆಲ್ಬಮ್ ತಯಾರಾಗುವ ಮೊದಲೇ ಜಗಳವಾಡಿ ಬೇರೆಯಾದ ಒಂದು ಜೋಡಿ ಇತ್ತು. ಇವರು ಆಲ್ಬಮನ್ನು ನಡುವಿನಿಂದ ಕತ್ತರಿಸಿ ಹೆಣ್ಣಿನ ಕಡೆಯದನ್ನು ಹೆಣ್ಣಿನ ಮನೆಗೆ, ಗಂಡಿನ ಕಡೆಯದನ್ನು ಗಂಡಿನ ಮನೆಗೆ ಮುಟ್ಟಿಸಿ ಬಂದರು. ಕತ್ತರಿಸಲು ನನ್ನ ಅಂಗಡಿಯ ಕತ್ತರಿಯನ್ನೇ ಒಯ್ದಿದ್ದರು, ಅದರ ಹರಿತ ಅಲ್ಲಿಗೆ ಹೋಯಿತು.

"ಯಾಕಣ್ಣ ಇಷ್ಟು ಹಠ? ಬೇಡದವರಿಗೆ ಬೇಡ" ಎಂದು ನಾನು ರೇಗಿದ್ದೆ.

"ತೆಗೆದ ಮುಖವನ್ನು ಇಟ್ಟುಕೊಳ್ಳುವ ಹಕ್ಕು ನಮಗಿಲ್ಲ ಅಕ್ಕ. ಅದು ಅವರದ್ದು. ನಮ್ಮಲ್ಲಿ ಸ್ವಲ್ಪ ಹೊತ್ತು ಇರ್ತದೆ, ಅಷ್ಟೇ" ಎಂದರು. ಕಾಪಿ ನಿಜವಾಗಿ ಮುಟ್ಟಿತು ಎಂದು ತಿಳಿಯುವುದು ಹೇಗೆ ಎನ್ನುವುದಕ್ಕೂ ಅವರಲ್ಲಿ ಒಂದು ಲೆಕ್ಕವಿತ್ತು. ಫೋಟೊ ಕೈಗೆ ಬಂದ ತಕ್ಷಣ ಪಾರ್ಟಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ, ಮುಖ ಸಿಂಡರಿಸಿ, "ಇದು ನನ್ನ ಹಾಗೆ ಇಲ್ಲ" ಎನ್ನಬೇಕು. ಹಾಗೆ ಹೇಳಿದರೆ ಡೆಲಿವರಿ ಆಯಿತು ಎಂದರ್ಥ. ಹೇಳದೆ ತೆಗೆದುಕೊಂಡವರು ಸರಿಯಾಗಿ ನೋಡಿಯೇ ಇಲ್ಲ ಎಂದು ಅವರಿಗೆ ಕೊರಗು.

ಇಂಥವರ ಕೈಗೆ ಹಕ್ಕಿ ಸಿಕ್ಕಿದ್ದು ಹಕ್ಕಿಗಳ ಗ್ರಹಚಾರ.

ಎಲ್ಲರ ಕೈಗೂ ಮೊಬೈಲು ಬಂದು ಸ್ಟುಡಿಯೋಕ್ಕೆ ಜನ ಬರುವುದು ಕಡಿಮೆಯಾಗಿದ್ದ ಕಾಲ. ಒಳಗೆ ಪಾರ್ಟಿಗಳು ತಲೆ ಬಾಚಿಕೊಳ್ಳುವ ಒಂದು ಉದ್ದ ಕನ್ನಡಿ, ಬಾಚಣಿಗೆ, ಪೌಡರಿನ ಡಬ್ಬಿ ಇದ್ದವು. ಹಿಂದಿನ ಕಿಟಕಿಯಿಂದ ಒಂದು ಮಡಿವಾಳ ಹಕ್ಕಿ ಬಂದು ಆ ಕನ್ನಡಿಯ ಮುಂದೆ ಕೂರತೊಡಗಿತು. ಕನ್ನಡಿಯೊಳಗೆ ಇನ್ನೊಂದು ಗಂಡು ಹಕ್ಕಿ ಇದೆ ಎಂದು ಅದರ ಗ್ರಹಿಕೆ. ರೆಕ್ಕೆ ಬಿಚ್ಚಿ, ಬಾಲ ಎತ್ತಿ, ಕೊಕ್ಕಿನಿಂದ ಕುಟ್ಟಿ ಯುದ್ಧ. ಆ ಹೊತ್ತಿಗೆ ನಿಜವಾದ ಗಿರಾಕಿಯೊಬ್ಬರು ಬಂದರೆ ಇವರು ಬಾಗಿಲಲ್ಲೇ ತಡೆದು, "ಸ್ವಲ್ಪ ಕೂತುಕೊಳ್ಳಿ, ಒಳಗೆ ಒಂದು ಪಾರ್ಟಿ ಮೇಕಪ್ ಮಾಡ್ತಾ ಉಂಟು" ಎನ್ನುತ್ತಿದ್ದರು. ಬ್ಯಾಂಕಿನ ಕೆಲಸಕ್ಕೆ ಅರ್ಜೆಂಟಾಗಿ ಫೋಟೊ ಬೇಕಾಗಿದ್ದ ಒಬ್ಬರು ಕಾದು ಕಾದು ನನ್ನ ಅಂಗಡಿಗೆ ಬಂದು ನನ್ನ ಮೇಲೆ ಸಿಟ್ಟು ಮಾಡಿ ಹೋದರು.

ಆ ಮಡಿವಾಳ ಹಕ್ಕಿಯೇ ಅವರ ಮೊದಲ ಪಾರ್ಟಿ. ಬೇರೆಯವರು ಹಕ್ಕಿಯ ಫೋಟೊ ತೆಗೆಯುವುದು ಪಕ್ಕದಿಂದ, ಕೊಕ್ಕು, ರೆಕ್ಕೆ, ಬಾಲ ಎಲ್ಲ ಕಾಣುವ ಹಾಗೆ. ಇವರು ತೆಗೆದದ್ದು ಎದುರಿನಿಂದ. ಎದುರಿನಿಂದ ನೋಡಿದರೆ ಹಕ್ಕಿ ಹಕ್ಕಿಯ ಹಾಗೆ ಇರುವುದಿಲ್ಲ. ಎರಡು ಕಣ್ಣು, ನಡುವೆ ಒಂದು ಚುಕ್ಕೆ, ಬಾಕಿ ಒಂದು ಉಂಡೆ. ಸಾಲ ವಸೂಲಿಗೆ ಬಂದವರ ಮುಖವಿದ್ದ ಹಾಗೆ ಇರುತ್ತದೆ. "ಪಕ್ಕದಿಂದ ತೆಗೀಬಾರದಾ ಅಣ್ಣ?" ಎಂದರೆ, "ಪಕ್ಕದಿಂದ ತೆಗೆದ ಫೋಟೊ ಯಾವ ಆಫೀಸಿನಲ್ಲಿ ಪಾಸಾಗ್ತದೆ?" ಎಂದು ನನ್ನನ್ನೇ ಕೇಳುತ್ತಿದ್ದರು. ಹಕ್ಕಿಗೆ ಕಿವಿ ಎಲ್ಲುಂಟು ಎಂದು ಕೇಳಿದೆ. ಗರಿಯ ಒಳಗೆ ಉಂಟು, ಪಾರ್ಟಿ ನೇರ ಕೂತರೆ ಎರಡೂ ಇದ್ದ ಹಾಗೆಯೇ ಲೆಕ್ಕ ಎಂದರು. ಒಮ್ಮೆ ಒಂದು ಪ್ರದರ್ಶನಕ್ಕೆ ಮಂಗಟ್ಟೆ ಹಕ್ಕಿಯ ಫೋಟೊ ಕೊಟ್ಟಿದ್ದರು. ಅಷ್ಟು ದೊಡ್ಡ ಕೊಕ್ಕಿನ ಹಕ್ಕಿಯನ್ನೂ ಎದುರಿನಿಂದಲೇ ತೆಗೆದಿದ್ದಾರೆ, ಕೊಕ್ಕು ಹೋಗಿ ಒಂದು ಹಳದಿ ಟೊಪ್ಪಿಯ ಮುದುಕ ಆಗಿತ್ತು. ಪ್ರದರ್ಶನದವರು ಅದನ್ನು ತಿಳಿಯದೆ ಯಕ್ಷಗಾನದ ವೇಷಗಳ ವಿಭಾಗದಲ್ಲಿ ನೇತುಹಾಕಿದರು. ಇವರಿಗೆ ಬೇಸರವೇನೂ ಆಗಲಿಲ್ಲ, ಅಲ್ಲಿ ಬೆಳಕು ಒಳ್ಳೆಯದಿತ್ತು ಎಂದರು.

ಹಕ್ಕಿಗೆ ಹೆದರಿಕೆಯಾಗದ ಹಾಗೆ ಅಡಗಿ ಕೂರಲು ಅವರಿಗೊಂದು ಡೇರೆ ಬೇಕಾಯಿತು. ಹಸಿರು ಬಟ್ಟೆ ತನ್ನಿ, ಹೊಲಿದು ಕೊಡುತ್ತೇನೆ ಎಂದೆ. ಅವರು ತಂದದ್ದು ಸ್ಟುಡಿಯೋದ ಹಳೆಯ ಪರದೆ. ಒಂದು ಕಾಲದಲ್ಲಿ ಬಂಟ್ವಾಳ ತಾಲೂಕಿನ ಅರ್ಧ ನವದಂಪತಿಗಳು ನಿಂತು ಫೋಟೊ ತೆಗೆಸಿಕೊಂಡ ಕಾಶ್ಮೀರ ಅದು. ಬೆಟ್ಟ, ಸರೋವರ, ಹಂಸ, ಎಲ್ಲ ಇತ್ತು. "ಕಾಡಿನಲ್ಲಿ ಕಾಶ್ಮೀರ ಕಂಡರೆ ಹಕ್ಕಿ ಹತ್ತಿರ ಬರ್ತದಾ?" ಎಂದು ಕೇಳಿದ್ದಕ್ಕೆ, "ಚಂದದ ಜಾಗ ಅಲ್ಲವಾ, ಯಾಕೆ ಬರುದಿಲ್ಲ?" ಎಂದರು. ವಾದ ಮಾಡಿ ಉಪಯೋಗವಿಲ್ಲ ಎಂದು ಹೊಲಿದುಕೊಟ್ಟೆ. ಕ್ಯಾಮೆರಾದ ಮೂತಿ ಹೊರಗೆ ಬರಲು ಸರೋವರದ ನಡುವೆ ಒಂದು ತೂತು ಮಾಡಿ ಬ್ಲೌಸಿನ ಕುತ್ತಿಗೆಯ ಹಾಗೆ ಪೈಪಿಂಗ್ ಕೊಟ್ಟೆ. ಹಿಂದಿನಿಂದ ಹುಕ್ಕು.

ನರಿಕೊಂಬಿನಲ್ಲಿ ಹೊಳೆಯ ಬದಿ ಅದನ್ನು ನಿಲ್ಲಿಸಿ ಒಂದು ಬೆಳಿಗ್ಗೆ ಒಳಗೆ ಕೂತರು. ಕೂರುವ ಮೊದಲು, ನೋಡಲು ಸೇರಿದ್ದ ನಮಗೆಲ್ಲ ಕಟ್ಟಪ್ಪಣೆ: ಯಾರೂ ಒಂದು ಶಬ್ದ ಮಾಡಬಾರದು, ತಾನು ಹೊರಗೆ ಬರುವವರೆಗೆ ಯಾರೂ ಕರೆಯಬಾರದು. ಅವರು ಒಳಗೆ ಹೋದ ಸ್ವಲ್ಪ ಹೊತ್ತಿನಲ್ಲೇ ಮಿಂಚುಳ್ಳಿಯೊಂದು ಬಂದು ಡೇರೆಯ ನೆತ್ತಿಯ ಮೇಲೆಯೇ ಕೂತಿತು. ಅಲ್ಲಿಂದ ಹಾರಿ ಹೊಳೆಯಿಂದ ಮೀನು ತಂದು ಅದೇ ನೆತ್ತಿಯ ಮೇಲೆ ಕುಟ್ಟಿ ತಿಂದಿತು. ಮತ್ತೆ ಹೋಯಿತು, ಮತ್ತೆ ಬಂತು. ಸರೋವರದ ತೂತಿನಿಂದ ಕ್ಯಾಮೆರಾ ಎಡಕ್ಕೆ ಬಲಕ್ಕೆ ಹೊರಳಿ ಹಕ್ಕಿಯನ್ನು ಹುಡುಕುತ್ತಲೇ ಇತ್ತು. ಕಟ್ಟಪ್ಪಣೆ ಇದ್ದದ್ದರಿಂದ ಊರಿಗೆ ಊರೇ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ಸುಮ್ಮನಿತ್ತು. ನಾನು ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ. ಮಧ್ಯಾಹ್ನ ಹುಕ್ಕು ಬಿಚ್ಚಿಕೊಂಡು ಬೆವರಿಳಿಸುತ್ತ ಹೊರಬಂದ ಅವರು, "ಇವತ್ತು ಒಂದೂ ಬರ್ಲಿಲ್ಲ ಮಾರಾಯ್ರೆ" ಎಂದರು.

ನನ್ನ ಮೊಬೈಲು ತೋರಿಸಿದೆ. ತುಂಬ ಹೊತ್ತು ನೋಡಿದರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಇದರಲ್ಲಿ ಪಾರ್ಟಿ ಇಬ್ಬರಿದ್ದಾರೆ. ಎರಡು ಕಾಪಿ ಮಾಡ್ಬೇಕು" ಎಂದರು. ಒಂದನ್ನು ಮನೆಗೆ ಒಯ್ದರು, ಉತ್ತರಕ್ರಿಯೆಗೆ ಒದಗಿದ್ದು ಅದೇ. ಇನ್ನೊಂದನ್ನು ಮಳೆಗೆ ಹಾಳಾಗದಂತೆ ಲ್ಯಾಮಿನೇಶನ್ ಮಾಡಿ, ಹೊಳೆಬದಿಯ ಮರಕ್ಕೆ ದಾರದಲ್ಲಿ ಕಟ್ಟಿ ಬಂದರು. ಮಿಂಚುಳ್ಳಿ ಅದರ ಎದುರಿನ ಕೊಂಬೆಯಲ್ಲಿ ಕೂತು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಹಿಕ್ಕೆ ಹಾಕಿ ಹಾರಿಹೋಯಿತಂತೆ. ಡೆಲಿವರಿ ಆಯಿತು ಎಂದು ಅವರಿಗೆ ಸಮಾಧಾನ.

ಅಲ್ಲಿಂದ ಮೂರು ತಾಲೂಕಿನ ಮರಗಳಲ್ಲಿ ಹಕ್ಕಿಗಳ ಫೋಟೊ ನೇತಾಡತೊಡಗಿತು. ಮರದ ಮೇಲೆ ಒಂದು ಮುಖ ಇದೆ ಎಂದರೆ ನಮ್ಮ ಜನಕ್ಕೆ ಒಂದೇ ಅರ್ಥ, ಯಾರೋ ಕಾಣೆಯಾಗಿದ್ದಾರೆ. ಹಿಂದೆ ಸ್ಟುಡಿಯೋದ ಸೀಲು ಬೇರೆ ಇರುತ್ತಿತ್ತು. ಪುಣ್ಯಾತ್ಮರು ಹುಡುಕಿ ಹುಡುಕಿ ತಂದುಕೊಡತೊಡಗಿದರು. ಒಬ್ಬರು ಪಾರಿವಾಳ ತಂದರು. ಇನ್ನೊಬ್ಬ ಅಜ್ಜಿ ಬುಟ್ಟಿಯಲ್ಲಿ ಒಂದು ಹೇಂಟೆ ಕೋಳಿ ತಂದು, "ನಿಮ್ಮದು ಸಿಕ್ಕಿತು, ತೆಗೊಳ್ಳಿ" ಎಂದರು. ಅಜ್ಜಿಗೆ ಮರದಲ್ಲಿ ಸಿಕ್ಕಿದ್ದ ಕುಟ್ರುಹಕ್ಕಿಯ ಫೋಟೊಕ್ಕೂ ಹೇಂಟೆಗೂ ಯಾವ ಸಂಬಂಧವೂ ಇರಲಿಲ್ಲ. ಇವರು ಹೇಂಟೆಯನ್ನು ಸ್ಟೂಲಿನ ಮೇಲೆ ಕೂರಿಸಿ, ನೇರ ಒಂದು ಫೋಟೊ ತೆಗೆದು, ಕಾಪಿಯನ್ನು ಅಜ್ಜಿಯ ಕೈಗೆ ಕೊಟ್ಟು ಕಳುಹಿಸಿದರು. ಅದು ಈಗಲೂ ಅಜ್ಜಿಯ ಮನೆಯ ದೇವರ ಕೋಣೆಯ ಹೊರಗೆ ಇದೆ.

ಬೆಳ್ತಂಗಡಿ ಕಡೆಯ ಒಬ್ಬ ಜಮೀನುದಾರರದ್ದು ಇನ್ನೂ ತಮಾಷೆ. ಅವರ ಗುಡ್ಡದಲ್ಲಿ ಒಂದು ಹಳೆಯ ಧೂಪದ ಮರ, ಅದರ ಪೊಟರೆಯಲ್ಲಿ ಮಂಗಟ್ಟೆಯ ಸಂಸಾರ. ಮರ ಕಡಿಸಲು ಆಳುಗಳನ್ನು ಕರೆದುಕೊಂಡು ಹೋದವರಿಗೆ ಕಾಂಡದ ಮೇಲೆ ಹಳದಿ ಟೊಪ್ಪಿಯ ಮುದುಕ ಕಣ್ಣುಬಿಟ್ಟು ನೋಡುತ್ತಿರುವುದು ಕಂಡಿತು. ಅವರು ಅದನ್ನು ಅರಣ್ಯ ಇಲಾಖೆಯ ನೋಟಿಸು ಎಂದು ತಿಳಿದರು. ಫೋಟೊದಲ್ಲಿದ್ದದ್ದು ದೊಡ್ಡ ಅಧಿಕಾರಿಯೇ ಇರಬೇಕು ಎಂದೂ ತಿಳಿದರು. ಕೊಡಲಿ ಎತ್ತದೆ ಹಿಂದೆ ಬಂದರು. ಆಮೇಲೆ ಯಾರೋ ಸತ್ಯ ಹೇಳಿದರೂ ಅವರು ನಂಬಲಿಲ್ಲ. ಮರ ಈಗಲೂ ಉಂಟು.

ಈಗ ನವರಂಗದ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದು ಅದಕ್ಕಾಗಿಯೇ.

ನವರಂಗ ಎಂದರೆ ಮುಷ್ಟಿಯಷ್ಟು ದೊಡ್ಡ ಹಕ್ಕಿ. ಬೆನ್ನು ಹಸಿರು, ಎದೆ ಕಂದು, ಬಾಲದ ಬುಡ ಕೆಂಪು, ರೆಕ್ಕೆಯಲ್ಲಿ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ. ಒಂದೇ ಬ್ಲೌಸಿಗೆ ಅಷ್ಟು ಬಣ್ಣ ಹಾಕಿ ಹೊಲಿಯಿರಿ ಎಂದರೆ ನಾನು ಒಪ್ಪುವವಳಲ್ಲ. ಮಳೆಗಾಲ ಮುಗಿದ ಮೇಲೆ ಉತ್ತರದಿಂದ ನಮ್ಮ ಕಡೆ ಬರುತ್ತದೆ, ಬೇಸಿಗೆಯ ಕೊನೆಗೆ ವಾಪಸು ಹೋಗುತ್ತದೆ. ಮೂಡುಬಿದಿರೆಯ ಹೊರಗೆ ಒಂದು ಸಣ್ಣ ಬಸದಿಯ ಹಿಂದೆ ಮರಗಳ ನೆರಳಿನಲ್ಲಿ ಒಂದು ನವರಂಗ ಪ್ರತಿ ವರ್ಷ ಬಂದು ಒಣಗಿದ ಎಲೆ ಕೆದಕಿ ಹುಳ ತಿನ್ನುತ್ತಿತ್ತು. ಬಸದಿಯನ್ನು ನೋಡಿಕೊಳ್ಳುವ ಜೈನ ಯಜಮಾನರು ಇವರ ಡೇರೆಗೆ ಒಪ್ಪಿಗೆ ಕೊಟ್ಟರು. ಎರಡೇ ಷರತ್ತು, ಯಾವ ಜೀವಕ್ಕೂ ತೊಂದರೆ ಆಗಬಾರದು, ಕತ್ತಲಾಗುವ ಮೊದಲು ಊಟ ಮಾಡಬೇಕು.

ಅಣ್ಣ ಹಲವು ಸಂಜೆ ಅಲ್ಲಿ ಕಾಶ್ಮೀರದೊಳಗೆ ಕೂತರು. ಕೊನೆಗೆ ಬೇಸಿಗೆ ಮುಗಿಯುವ ಒಂದು ಸಂಜೆ ಆ ಹಕ್ಕಿ ಬಂದು, ಎರಡು ಕಾಲೂರಿ ನಿಂತು, ಸರೋವರದ ತೂತನ್ನೇ ನೇರ ನೋಡಿತು. ಊರಿಗೆ ಬಂದವರು ಮನೆಗೂ ಹೋಗದೆ ಮೊದಲು ನನ್ನ ಅಂಗಡಿಗೆ ಬಂದು ಫೋಟೊ ತೋರಿಸಿದರು. "ಇಷ್ಟು ವರ್ಷದಲ್ಲಿ ಒಬ್ಬ ಪಾರ್ಟಿಯೂ ಇಷ್ಟು ನೇರ ಕೂತದ್ದಿಲ್ಲ ಅಕ್ಕ. ನಾನು ಹೇಳಲೇ ಇಲ್ಲ, ತಾನಾಗಿ ಕೂತಿತು." ನಾನೂ ನೋಡಿದೆ. ಅದೊಂದು ಫೋಟೊದ ಬಗ್ಗೆ ನನಗೆ ಏನೂ ಕೊಂಕು ತೋಚಲಿಲ್ಲ.

ಆದರೆ ಕಾಪಿ ತಯಾರು ಮಾಡಿ ಬಸದಿಗೆ ಹೋಗುವಷ್ಟರಲ್ಲಿ ಹಕ್ಕಿ ಉತ್ತರಕ್ಕೆ ಹೊರಟಾಗಿತ್ತು.

ಅವರು ಕಂಗಾಲಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮರಕ್ಕೆ ಕಟ್ಟಿ ಬನ್ನಿ, ಬಂದಾಗ ನೋಡುತ್ತದೆ ಎಂದೆ. ಪಾರ್ಟಿ ಇಲ್ಲದ ಜಾಗದಲ್ಲಿ ಇಟ್ಟು ಬಂದರೆ ಅದು ಡೆಲಿವರಿಯಲ್ಲ ಎಂದರು. ಒಂದು ದಿನ ಹೆದ್ದಾರಿಯ ಮಾಣಿ ಜಂಕ್ಷನ್ನಿಗೆ ಹೋಗಿ, ಹೋಟೆಲಿನ ಎದುರು ನಿಂತಿದ್ದ ಉತ್ತರದ ನಂಬರಿನ ಲಾರಿಯ ಡ್ರೈವರನಿಗೆ ಒಂದು ಕಾಪಿ ಕೊಟ್ಟು, ಆ ಕಡೆ ಇದು ಸಿಕ್ಕಿದರೆ ಕೊಡಿ ಎಂದು ತನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದರು. ಡ್ರೈವರ್ ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ದೇವರ ಪಟಗಳ ಸಾಲಿನಲ್ಲಿ ಸಿಕ್ಕಿಸಿಕೊಂಡನಂತೆ. ಮನೆಗೆ ಬಂದ ಮೇಲೆ ಇವರಿಗೆ ಮತ್ತೆ ಚಿಂತೆ. "ಅವನು ಕೊಟ್ಟದ್ದು ನಮಗೆ ಗೊತ್ತಾಗುವುದು ಹೇಗೆ?"

ಆ ಮಳೆಗಾಲದಲ್ಲೇ ಹೃದಯದ ಕಾಯಿಲೆ ಅವರನ್ನು ಮಂಚಕ್ಕೆ ಹಾಕಿತು. ಸ್ಟುಡಿಯೋ ಮುಚ್ಚುವುದೆಂದಾಯಿತು. ಬಾಕಿ ಉಳಿದಿದ್ದ ಮನುಷ್ಯರ ಫೋಟೊಗಳನ್ನೆಲ್ಲ ಅತ್ತಿಗೆಯ ಕೈಯಲ್ಲಿ ಮನೆ ಮನೆಗೆ ಮುಟ್ಟಿಸಿದರು. ಉಳಿದದ್ದು ಒಂದೇ. ನೋಡಲು ಹೋದಾಗ ಅದು ತಲೆದಿಂಬಿನ ಬದಿಯಲ್ಲಿತ್ತು. ಮಳೆ ಬಿಟ್ಟಿತಾ ಎಂದು ಕೇಳುತ್ತಿದ್ದರು. ಮಳೆ ಬಿಡದೆ ನವರಂಗ ಬರುವುದಿಲ್ಲ, ನವರಂಗ ಬರುವವರೆಗೆ ತಾನು ಹೋಗುವ ಹಾಗಿಲ್ಲ, ಅದು ಅವರ ಹಠ. ಇಲ್ಲ ಅಣ್ಣ, ಇನ್ನೂ ಬರ್ತಾ ಉಂಟು ಎನ್ನುತ್ತಿದ್ದೆ. ಆ ವರ್ಷ ಮಳೆ ನಿಲ್ಲದಿರಲಿ ಎಂದು ನಾನು ಹರಕೆ ಹೊರುವುದೊಂದು ಬಾಕಿ.

ಒಂದು ದಿನ ಫೋಟೊವನ್ನು ನನ್ನ ಕೈಯಲ್ಲಿಟ್ಟರು. "ಅಕ್ಕ, ಪಾರ್ಟಿ ಬಂದರೆ ಕೊಟ್ಟುಬಿಡಿ. ಬಸದಿಯ ಯಜಮಾನರಿಗೆ ಹೇಳಿದ್ದೇನೆ, ಎಲೆ ಗುಡಿಸ್ಬೇಡಿ ಅಂತ." ನಾನು ಕೊಡ್ತೇನೆ ಎಂದೆ. ಮಳೆ ಇಳಿಮುಖವಾದ ವಾರದಲ್ಲಿ ಹೋಗಿಬಿಟ್ಟರು.

ಉತ್ತರಕ್ರಿಯೆ ಕಳೆದು ಕೆಲವು ದಿನಕ್ಕೆ ಬಸದಿಯ ಯಜಮಾನರು ಅತ್ತಿಗೆಗೆ ಫೋನು ಮಾಡಿದರು. ಮೊದಲು ಸಂತಾಪ ಹೇಳಿ, ಆಮೇಲೆ ಗಂಟಲು ಸರಿಮಾಡಿಕೊಂಡು, "ಪಾರ್ಟಿ ಬಂದಿದ್ದಾರೆ" ಎಂದರಂತೆ.

ನಾನು ಅಂಗಡಿ ಮುಚ್ಚಿದೆ. ಎಂಥ ಮರುಳು, ಹಬ್ಬದ ಹೊಲಿಗೆ ರಾಶಿ ಬಿದ್ದಿದೆ, ಹಕ್ಕಿಗೆ ಫೋಟೊ ಕೊಡಲು ಬಸ್ಸಿನಲ್ಲಿ ಹೋಗುವುದೆಂದರೇನು ಎಂದು ದಾರಿಯುದ್ದಕ್ಕೂ ಗೊಣಗಿದೆ. ಅತ್ತಿಗೆ ಫೋಟೊವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಬಸದಿಯ ಹಿಂದೆ ಮೊಣಕಾಲು ಮುಳುಗುವಷ್ಟು ಎಲೆ. ಒಂದು ಬೇಸಿಗೆಯದ್ದು ಮತ್ತು ಒಂದು ಮಳೆಗಾಲದ್ದು. ನೆರೆಯವರೆಲ್ಲ ಬಯ್ದರೂ ಯಜಮಾನರು ಗುಡಿಸಿರಲಿಲ್ಲ. "ಕತ್ತಲಾದ ಮೇಲೆ ನಮ್ಮಲ್ಲಿ ಊಟ ಇಲ್ಲ. ಎರಡು ತುತ್ತು ಈಗಲೇ ಉಂಡು ಕಾಯುವ" ಎಂದು ಬೆಳಕಿರುವಾಗಲೇ ಬಡಿಸಿದರು. ಉಂಡು ಬಂದು ಮೂವರೂ ಮೆಟ್ಟಿಲಲ್ಲಿ ಕೂತೆವು. ಅತ್ತಿಗೆ ಫೋಟೊವನ್ನು ಎಲೆಗಳ ನಡುವೆ ಒಂದು ಕಲ್ಲಿಗೆ ಒರಗಿಸಿ ಇಟ್ಟು ಬಂದಿದ್ದರು. ಯಾರೂ ಮಾತಾಡಲಿಲ್ಲ. ಅಣ್ಣನ ಕಟ್ಟಪ್ಪಣೆ ಇದ್ದ ಹಾಗೆಯೇ ಇತ್ತು.

ಸೂರ್ಯ ಇಳಿಯುವಾಗ ಎರಡು ಸ್ವರದ ಸಿಳ್ಳು ಕೇಳಿತು. ನವರಂಗ ಕುಪ್ಪಳಿಸಿಕೊಂಡು ಬಂತು. ಎಲೆ ಎತ್ತಿ ಎಸೆಯಿತು, ಒಂದು ಹುಳ ನುಂಗಿತು. ಇನ್ನೊಂದು ಎಲೆ ಎತ್ತಿತು. ಫೋಟೊದ ಎದುರಿಗೆ ಬಂದು ನಿಂತಿತು. ತಲೆಯನ್ನು ಆ ಕಡೆ ಓರೆ ಮಾಡಿ ನೋಡಿತು, ಈ ಕಡೆ ಓರೆ ಮಾಡಿ ನೋಡಿತು. ಮುಂದೆ ಬಾಗಿ ಒಮ್ಮೆ ಕುಟ್ಟಿತು. ಆಮೇಲೆ ಬೆನ್ನು ಹಾಕಿ ನಿಂತು, ಕೆಂಪು ಬಾಲದ ಬುಡ ಕುಣಿಸಿತು.

"ಎಂತ ಹೇಳಿತು?" ಎಂದು ಯಜಮಾನರು ಮೆಲ್ಲಗೆ ಕೇಳಿದರು.

"ತನ್ನ ಹಾಗೆ ಇಲ್ಲವಂತೆ" ಎಂದರು ಅತ್ತಿಗೆ. ಹಾಗೆನ್ನುವಾಗ ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಣ್ಣ ಹೋದ ದಿನದಿಂದ ಅತ್ತಿಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಇಷ್ಟು ಹುಚ್ಚು ಮನುಷ್ಯನನ್ನು ಇನ್ನೆಲ್ಲಿ ಹುಡುಕುವುದು?

ಹಕ್ಕಿ ಇನ್ನೂ ಅಲ್ಲೇ ಇತ್ತು, ತನ್ನ ಫೋಟೊದ ಪಕ್ಕದಲ್ಲಿ. ನಾನು ಮೆಲ್ಲನೆ ಮೊಬೈಲು ಎತ್ತಿದೆ. ಅತ್ತಿಗೆ ನನ್ನ ಕೈ ಹಿಡಿದರು.

"ಬೇಡ ಮಾರಾಯ್ತಿ. ತೆಗೆದರೆ ಅದಕ್ಕೂ ಒಂದು ಕಾಪಿ ಕೊಡ್ಬೇಕಾಗ್ತದೆ. ಪುನಃ ಇಷ್ಟು ದೂರ ಬರ್ಬೇಕು, ಪುನಃ ಕಾಯ್ಬೇಕು."

ನಾನು ಮೊಬೈಲು ಇಳಿಸಿದೆ. ಹಕ್ಕಿ ಒಂದು ಎಲೆ ಎತ್ತಿ ಹಾಕಿತು. ಅತ್ತಿಗೆ ಅದನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಬಿಟ್ಟರು.

"ತೆಗೀರಿ" ಎಂದರು. ಮತ್ತೆ ಯಜಮಾನರ ಕಡೆ ತಿರುಗಿ, "ನೀವು ಎಲೆ ಗುಡಿಸ್ಬೇಡಿ" ಎಂದರು.